ಗೊಣ್ಣೆ ಗಿರಿಜೆಯ ಕಿರುಚಿತ್ರ

ಸಿನಿಮಾಕ್ಕೆ ತಡವಾಗಿ ಹೋಗುವುದು ನನ್ನ ಹಳೆಯ ಚಾಳಿ. ಮದುವೆ ಮುಂಜಿಗೆ ನಾನು ತಡವಾಗಿ ಹೋದವಳಲ್ಲ. ಡಾಕ್ಟರ ಹತ್ತಿರ ಹೋಗುವುದಿದ್ದರೆ ಅವರು ಷಟರ್ ಎತ್ತುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಸಿನಿಮಾ ಎಂದರೆ ಮಾತ್ರ ಹೊರಡುವ ಹೊತ್ತಿಗೆ ಸರಿಯಾಗಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನ ಬರುತ್ತದೆ. ಬೀಗ ಹಾಕಿದ ಮೇಲೆ ಕನ್ನಡಕದ ನೆನಪಾಗುತ್ತದೆ. ಆರ್.ಟಿ. ನಗರದ ನಮ್ಮ ಮನೆಯಿಂದ ಯಾವ ಥಿಯೇಟರಿಗೆ ಹೊರಟರೂ ಮೊದಲ ಹತ್ತು ನಿಮಿಷ ನಾವು ನೋಡಿದ್ದಿಲ್ಲ. "ನಿನ್ ಜೊತೆ ನೋಡಿದ ಒಂದು ಪಿಕ್ಚರಲ್ಲೂ ಹೀರೋ ಹುಟ್ಟಿದ್ದನ್ನ ನಾನು ನೋಡ್ಲಿಲ್ಲ ಕಣೇ. ಎಲ್ರೂ ಮೀಸೆ ಬಂದ ಮೇಲೇನೇ ಪರಿಚಯ" ಎಂದು ನನ್ನ ಗಂಡ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಾರೆ.

ನಗಲಿ. ನಾನು ತಪ್ಪಿಸಿಕೊಳ್ಳುತ್ತಿದ್ದದ್ದು ಹೀರೋ ಹುಟ್ಟುವುದನ್ನಲ್ಲ, ಅದಕ್ಕೂ ಮೊದಲು ಹಾಕುತ್ತಿದ್ದ ಆ ಸಣ್ಣ ಚಿತ್ರವನ್ನು.

ನನ್ನ ವಯಸ್ಸಿನವರಿಗೆ ಅವು ನೆನಪಿರುತ್ತವೆ. ಪರದೆ ಬೆಳ್ಳಗಾಗಿ, ಗೀರು ಗೀರಾಗಿ, ಗಂಟಲಲ್ಲಿ ತುಪ್ಪ ಹಾಕಿಕೊಂಡಂಥ ಒಂದು ಗಂಡಸಿನ ದನಿ ಶುರುವಾಗುತ್ತಿತ್ತು. ಎಲ್ಲೋ ಪ್ರವಾಹ ಬಂದಿರುತ್ತಿತ್ತು. ಇನ್ನೆಲ್ಲೋ ಮಂತ್ರಿಯೊಬ್ಬರು ರಿಬ್ಬನ್ ಕತ್ತರಿಸುತ್ತಿದ್ದರು. ದನಿ ಎರಡಕ್ಕೂ ಒಂದೇ. ಆಮೇಲೆ ಬುದ್ಧಿ ಹೇಳುವ ಚಿತ್ರಗಳು. ಎರಡು ಮಕ್ಕಳ ದಂಪತಿ ಸೈಕಲ್ ಮೇಲೆ ನಗುತ್ತ ಹೋದರೆ ಆರು ಮಕ್ಕಳ ದಂಪತಿ ಬಾಗಿಲಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿರುತ್ತಿದ್ದರು. ಸೊಳ್ಳೆಯ ಚಿತ್ರ, ಸಿಡುಬಿನ ಚಿತ್ರ, ಹೊಸ ಭತ್ತದ ತಳಿಯ ಚಿತ್ರ. ಜನ ಅವನ್ನು ನೋಡುತ್ತಿರಲಿಲ್ಲ, ಕಡಲೆಕಾಯಿ ಕೊಳ್ಳುವ ಹೊತ್ತು ಅದು. ಆದರೆ ನಾನು ಗಮನಿಸಿದ ಒಂದು ಮಾತಿದೆ. ಅಂಥ ಪ್ರತಿಯೊಂದು ಚಿತ್ರದಲ್ಲೂ ಒಬ್ಬ ಜಾಣ, ಒಬ್ಬ ಪೆದ್ದ ಇರಲೇಬೇಕು. ಜಾಣ ಬಿಳಿ ಅಂಗಿ ತೊಟ್ಟಿರುತ್ತಾನೆ. ಪೆದ್ದನ ಮುಖ ಯಾರದು, ಅವನ ಮನೆಯವರು ಅದನ್ನು ನೋಡಿದಾಗ ಏನೆಂದುಕೊಂಡರು ಎಂದು ತೆಗೆದವರು ಯಾರೂ ಕೇಳಿದಂತಿಲ್ಲ.

ಈಗ ಕಾಲ ಬದಲಾಗಿದೆ ಎನ್ನುತ್ತಾರೆ. ಈಗ ಪ್ರತಿ ಮನೆಯಲ್ಲೂ ಒಬ್ಬ ನಿರ್ದೇಶಕ. ನನ್ನ ಗಂಡನ ಫೋನಿಗೆ ದಿನಕ್ಕೆ ಎಷ್ಟು ಕಿರುಚಿತ್ರ ಬರುತ್ತವೆಯೋ ಲೆಕ್ಕವಿಲ್ಲ, ಅವರು ಅಷ್ಟನ್ನೂ ಜೋರಾಗಿ ಹಾಕಿಕೊಂಡು ನೋಡುತ್ತಾರೆ. ದೆವ್ವದ್ದಾದರೆ ಹುಡುಗಿ ಫ್ರಿಜ್ಜಿನ ಬಾಗಿಲು ತೆಗೆಯುತ್ತಾಳೆ, ಮುಚ್ಚಿದಾಗ ಹಿಂದೆ ಯಾರೋ ನಿಂತಿರುತ್ತಾರೆ. ಪ್ರೇಮದ್ದಾದರೆ ಹೆಬ್ಬಾಳ ಕೆರೆಯ ಏರಿ ಮೇಲೆ ಇಬ್ಬರು ಮಾತಿಲ್ಲದೆ ಕೂತಿರುತ್ತಾರೆ, ಪಿಟೀಲು ಮಾತಾಡುತ್ತದೆ. ಸಂದೇಶದ್ದಾದರೆ ಹರಿದ ಬಟ್ಟೆಯವನನ್ನು ಒಬ್ಬಳು ಬೈಯುತ್ತಾಳೆ, ಕೊನೆಗೆ ಅವನೇ ಕಂಪನಿಯ ಮಾಲೀಕ ಎಂದು ಗೊತ್ತಾಗುತ್ತದೆ. ಮಾಲೀಕನಲ್ಲದಿದ್ದರೆ ಬೈಯಬಹುದಿತ್ತೇನೋ! ಇನ್ನು ಕಲಾತ್ಮಕದ್ದು. ನನ್ನ ತಂಗಿಯ ಮಗ ಒಂದು ತೆಗೆದಿದ್ದಾನೆ. ಅದರಲ್ಲಿ ಒಬ್ಬ ಗಡ್ಡದವನು ಹೆಬ್ಬಾಳದ ಫ್ಲೈಓವರನ್ನು ನೋಡುತ್ತ ನಿಂತಿರುತ್ತಾನೆ. ನಿಂತೇ ಇರುತ್ತಾನೆ. ಅರ್ಥವೇನಪ್ಪ ಎಂದರೆ "ದೊಡ್ಡಮ್ಮ, ಅದು ಫೀಲ್ ಮಾಡ್ಬೇಕು" ಎಂದ. ನಾನು ಆ ಫ್ಲೈಓವರಿನ ಮೇಲೆ ಆಟೋದಲ್ಲಿ ಕೂತು ಎಷ್ಟು ಸಲ ಫೀಲ್ ಮಾಡಿದ್ದೇನೆ ಎಂದು ಅವನಿಗೇನು ಗೊತ್ತು.

ಹೀಗೆ ಗೊಣಗುತ್ತ ಕಾಲ ಹಾಕಿಕೊಂಡಿದ್ದ ನನ್ನನ್ನು ಮಗಳು ದೀಪಾ ಒಂದು ಭಾನುವಾರ ಯಲಹಂಕಕ್ಕೆ ಕರೆಸಿಕೊಂಡಳು. ಅವಳಿರುವ ಅಪಾರ್ಟ್‌ಮೆಂಟಿನಲ್ಲಿ ಕಿರುಚಿತ್ರಗಳ ಸಂಜೆ. ಹಳೆಯ ಕಾಲದ ಮೂಕಿ ಚಿತ್ರದಿಂದ ಹಿಡಿದು ಮೊನ್ನೆ ಮೊನ್ನೆ ಫೋನಿನಲ್ಲಿ ತೆಗೆದದ್ದರ ತನಕ, ಒಂದೊಂದು ಕಾಲದ್ದು ಒಂದೊಂದು. ಏರ್ಪಾಡು ಮಾಡಿದವನು ಅವರ ಕಟ್ಟಡದ ನಾಲ್ಕನೆಯ ಮಹಡಿಯ ನಿಖಿಲ್ ಎಂಬ ಹುಡುಗ. ಹುಡುಗ ಎಂದರೆ ಮೂವತ್ತು ದಾಟಿದವನು. ವಾರವಿಡೀ ಆಫೀಸು, ಶನಿವಾರ ಭಾನುವಾರ ಸಿನಿಮಾದ ಹುಚ್ಚು. "ಇವತ್ತು ಲೇಟ್ ಮಾಡಿದ್ರೆ ನಾನು ನಿನ್ನ ಮಾತಾಡ್ಸಲ್ಲ ಅಮ್ಮ" ಎಂದು ದೀಪಾ ಗದರಿಸಿ, ನನ್ನ ಕೈ ಹಿಡಿದು ಲಿಫ್ಟಿಗೆ ನೂಕಿ, ಕ್ಲಬ್ ಹೌಸಿನ ಎರಡನೆಯ ಸಾಲಿನಲ್ಲಿ ಸರಿಯಾದ ಹೊತ್ತಿಗೆ ಕೂರಿಸಿದಳು.

ಮೊದಲು ಒಬ್ಬ ದಪ್ಪ ಮನುಷ್ಯ ಏಣಿಯಿಂದ ಬೀಳುವ ಮೂಕಿ ಚಿತ್ರ. ಮಕ್ಕಳು ನಕ್ಕರು, ನಾನೂ ನಕ್ಕೆ. ಆಮೇಲೆ ನಿಖಿಲ್ ಮೈಕ್ ಹಿಡಿದು, "ಈಗ ನಮ್ಮ ಬೆಂಗಳೂರಲ್ಲೇ ಶೂಟ್ ಆಗಿರೋ ಒಂದು ಹೆಲ್ತ್ ಫಿಲ್ಮು. ಸಖತ್ ಕಾಮಿಡಿ ಆಗಿದೆ, ನೋಡಿ" ಎಂದ. ಪರದೆ ಬೆಳ್ಳಗಾಯಿತು. ಗೀರುಗಳು ಬಂದವು. ಆ ತುಪ್ಪದ ದನಿ ಬಂತು.

ಎದ್ದು ಹೋಗೋಣವೆಂದರೆ ಈ ಕಡೆ ಮೂರು ಜನ, ಆ ಕಡೆ ನಾಲ್ಕು ಜನ. ಕೆದರಿದ ತಲೆ, ಮಣ್ಣು ಮೆತ್ತಿದ ಕೆನ್ನೆ, ಮೂಗಿನಿಂದ ತುಟಿಯ ತನಕ ಬೆಳ್ಳಗೆ ಇಳಿದ ಗೊಣ್ಣೆ. ಪರದೆಯ ತುಂಬ ಆ ಹುಡುಗಿಯ ಮುಖ. ಇಡೀ ಕ್ಲಬ್ ಹೌಸು "ಈಈ" ಎಂದು ಕೂಗಿ ಗೊಳ್ಳೆಂದು ನಕ್ಕಿತು. ನನ್ನ ಮಗಳೂ ನಕ್ಕಳು. ಅವಳ ತಪ್ಪೇನೂ ಇಲ್ಲ. ಅದು ತನ್ನ ಅಮ್ಮ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಈಗ ನಿಮಗೆ ಹೇಳುತ್ತೇನೆ, ಕೇಳಿ.

ನನ್ನ ಅಪ್ಪ ಗದಗದ ಕಡೆಯವರು, ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಬಂದವರು. ಅಲ್ಲಿಯೇ ಒಂದು ವಠಾರದಲ್ಲಿ ನಮ್ಮ ಮನೆ. ಅವ್ವನಿಗೆ ಬೆಂಗಳೂರಿನ ಕನ್ನಡ ಕೊನೆಯ ತನಕ ನಾಲಿಗೆಗೆ ಹತ್ತಲಿಲ್ಲ, ಬೆಂಗಳೂರಿನ ಕೊಳಕು ಕಣ್ಣಿಗೆ ಹಿಡಿಸಲಿಲ್ಲ. ವಠಾರದ ನಲ್ಲಿಯ ಸುತ್ತ ತಾನೇ ಬೂದಿ ಹಾಕಿ ಉಜ್ಜುವಳು. ನನ್ನನ್ನು ಕೇಳಬೇಕೆ? ಇದ್ದವಳು ನಾನೊಬ್ಬಳೇ ಹೆಣ್ಣು, ತಂಗಿ ಆಮೇಲೆ ಹುಟ್ಟಿದವಳು. ತಲೆಗೆ ಎಣ್ಣೆ, ಬಿಗಿಯಾಗಿ ಎರಡು ಜಡೆ, ಮಡಿಚಿ ಕಟ್ಟಿದ ಕೆಂಪು ಟೇಪು. ಹಿತ್ತಾಳೆ ಚೊಂಬಿನಲ್ಲಿ ಕೆಂಡ ತುಂಬಿ ನನ್ನ ಯೂನಿಫಾರ್ಮು ಇಸ್ತ್ರಿ ಮಾಡುತ್ತಿದ್ದಳು. ಶಾಲೆಯಲ್ಲಿ ಸೋಮವಾರ ಉಗುರು ನೋಡುವಾಗ ನಮ್ಮ ಟೀಚರು ಉಳಿದವರಿಗೆ ನನ್ನ ಕೈಯನ್ನೇ ಎತ್ತಿ ತೋರಿಸುತ್ತಿದ್ದರು.

ಒಂದು ದಿನ ಶಾಲೆಯ ಮುಂದೆ ವ್ಯಾನು ಬಂದು ನಿಂತಿತು. ಆರೋಗ್ಯದ ಬಗ್ಗೆ ಫಿಲ್ಮು ತೆಗೆಯುವವರಂತೆ. ಅವರಿಗೆ ಇಬ್ಬರು ಹುಡುಗಿಯರು ಬೇಕಂತೆ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಟೋಪಿ ಹಾಕಿದ ಒಬ್ಬ ಡೈರೆಕ್ಟರು ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ನೋಡುತ್ತ ಬಂದರು. ಲತಾ ಎಂಬ ಹುಡುಗಿಯ ಮುಂದೆ ನಿಂತು, "ಈ ಮಗು" ಎಂದರು. ಲತಾ ಹಾಲಿನ ಬಣ್ಣದವಳು, ಯಾರೋ ಅಧಿಕಾರಿಯ ಮಗಳು. ಇನ್ನೂ ಸ್ವಲ್ಪ ಮುಂದೆ ಬಂದು ನನ್ನನ್ನು ನೋಡಿದರು. ಮತ್ತೆ ಲತಾಳನ್ನು ನೋಡಿದರು. ಮತ್ತೆ ನನ್ನನ್ನು. "ಇವಳು" ಎಂದರು.

ನಾನು ಮನೆಗೆ ಓಡಿಯೇ ಹೋದೆ. "ಅವ್ವಾ, ನಾ ಸಿನಿಮಾದಾಗ ಆಕ್ಟಿಂಗ್ ಮಾಡ್ತೀನಿ!" ಅವ್ವ ಮರುದಿನ ಬೆಳಗಾಗುವ ಮುಂಚೆ ಎಬ್ಬಿಸಿ ಎಣ್ಣೆ ಹಚ್ಚಿ ಸೀಗೆಕಾಯಿಯಲ್ಲಿ ತಿಕ್ಕಿ ಎರೆದಳು. ನನ್ನ ಚರ್ಮ ಉರಿಯುತ್ತಿತ್ತು. ಹೊಸ ಟೇಪು, ಮುಡಿಗೆ ಕನಕಾಂಬರ. ವಠಾರದವರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದರು.

ಶಾಲೆಯ ಹಿಂದಿನ ಬಯಲಿನಲ್ಲಿ ಮೇಕಪ್ಪಿನವನು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದ. ಪೌಡರು ಹಾಕುತ್ತಾನೆ ಎಂದು ಮುಖ ಒಡ್ಡಿದೆ. ಅವನು ಟೇಪು ಎಳೆದು ಬಿಸಾಕಿದ. ಜಡೆ ಬಿಚ್ಚಿ ಎರಡೂ ಕೈಯಿಂದ ಕೆದರಿದ. ನೆಲದಿಂದ ಒಂದು ಹಿಡಿ ಮಣ್ಣೆತ್ತಿ ಕೆನ್ನೆಗೆ, ಕೈಗೆ, ಫ್ರಾಕಿಗೆ ಉಜ್ಜಿದ. ಮೈದಾಹಿಟ್ಟಿನ ಅಂಟನ್ನು ಮೂಗಿನ ಕೆಳಗೆ ಎಳೆದ. ನಾನು ಅಳಲು ಶುರುಮಾಡಿದಾಗ ಟೋಪಿಯವರು ಬಂದು, "ಅಳಬಾರದು ಪುಟ್ಟಿ. ನೀನು ಮೊದಲು ಕೊಳಕಿ, ಆಮೇಲೆ ಬುದ್ಧಿ ಬರುತ್ತೆ, ನಿನಗೆ ಚೆನ್ನಾಗಿ ಸ್ನಾನ ಮಾಡಿಸಿ ಲತಾ ಥರಾನೇ ಮಾಡ್ತೀವಿ. ಕೊನೆಗೆ ಇಬ್ಬರೂ ಕೈ ಹಿಡ್ಕೊಂಡು ನಗ್ತೀರಿ" ಎಂದರು. ನಾನು ನಂಬಿದೆ. ಆ ಸೀನಿಗಾಗಿ ದಿನವೆಲ್ಲ ಕಾದೆ. ನಲ್ಲಿಯ ಮುಂದೆ ಲತಾ ಕೈ ತೊಳೆದಳು, ಕ್ಯಾಮೆರಾ ಅವಳನ್ನು ಐದಾರು ಸಲ ನೋಡಿತು. ನಾನು ಕಸದ ರಾಶಿಯ ಹತ್ತಿರ ಕೂತು ಮಣ್ಣು ಕೈಯಲ್ಲೇ ಬನ್ನು ತಿಂದೆ, ಒಂದೇ ಸಲಕ್ಕೆ ಸಾಕು ಎಂದರು. ಆಮೇಲೆ ನಮ್ಮಿಬ್ಬರ ತಲೆಗೆ ತಲೆ ತಾಗಿಸಿ ಒಂದು ದೊಡ್ಡ ಮುಖದ ಚಿತ್ರ ತೆಗೆದರು. ಯಾರಂತೆ ಆಗಬೇಕು, ಯಾರಂತೆ ಆಗಬಾರದು ಎಂದು ಜನಕ್ಕೆ ಒಂದೇ ನೋಟಕ್ಕೆ ತಿಳಿಯಬೇಕಲ್ಲ.

ಆ ಹೊತ್ತಿಗೆ ಸೂರ್ಯ ಇಳಿದ. ಟೋಪಿಯವರು ಆಕಾಶ ನೋಡಿ, "ಬೆಳಕು ಹೋಯ್ತು, ಪ್ಯಾಕಪ್" ಎಂದರು. ವ್ಯಾನು ಹೊರಟುಹೋಯಿತು. ನನಗೆ ಸ್ನಾನ ಮಾಡಿಸುವ ಸೀನು ಹಾಗೇ ಉಳಿಯಿತು.

ಮೈತುಂಬ ಮಣ್ಣು, ಮೂಗಿನ ಕೆಳಗೆ ಒಣಗಿದ ಮೈದಾ ಹೊತ್ತು ಮನೆಗೆ ಬಂದ ನನ್ನನ್ನು ನೋಡಿ ಅವ್ವ ಮತ್ತೆ ನೀರು ಕಾಯಿಸಿದಳು. ಒಂದು ವಾರದ ಮೇಲೆ ನನ್ನ ತಲೆ ಬಾಚುವಾಗ ಹಣಿಗೆಯಲ್ಲಿ ಹೇನು ಬಿತ್ತು. ನನ್ನ ಜನ್ಮದಲ್ಲಿ ಮೊದಲ ಹೇನು! ಅಂದು ತಲೆಗೆ ತಲೆ ತಾಗಿಸಿದ್ದು ಒಬ್ಬಳ ಜೊತೆ ಮಾತ್ರ. ಶುಚಿಯ ಬಗ್ಗೆ ತೆಗೆದ ಫಿಲ್ಮಿನಲ್ಲಿ, ಶುಚಿಯಾದ ಹುಡುಗಿಯಿಂದ, ಕೊಳಕು ಹುಡುಗಿಗೆ ಹತ್ತಿದ ಹೇನು ಅದು. ಇದನ್ನು ಆ ತುಪ್ಪದ ದನಿಯವನು ಎಲ್ಲೂ ಹೇಳಿಲ್ಲ.

ಕೆಲವು ತಿಂಗಳಾದ ಮೇಲೆ ಅವ್ವ ನನ್ನನ್ನು ಯಶವಂತಪುರದ ಥಿಯೇಟರಿಗೆ ಒಂದು ಭಕ್ತಿಚಿತ್ರಕ್ಕೆ ಕರೆದುಕೊಂಡು ಹೋದಳು. ವಠಾರದ ಹೆಂಗಸರೂ ಜೊತೆಗಿದ್ದರು. ದೇವರು ಬರುವ ಮೊದಲು ನಾನು ಬಂದೆ. ಪರದೆಯ ಮೇಲೆ ಬನ್ನು ತಿನ್ನುತ್ತಿದ್ದೆ. "ಈ ಹುಡುಗಿಯನ್ನು ನೋಡಿ. ಇವಳ ಹತ್ತಿರ ಯಾರೂ ಕೂರುವುದಿಲ್ಲ" ಎಂದಿತು ದನಿ. ಇಡೀ ಥಿಯೇಟರು ನಕ್ಕಿತು. ಮುಂದಿನ ಗಾಂಧಿ ಕ್ಲಾಸಿನಿಂದ ಸಿಳ್ಳೆ ಬಂತು. ಕೊನೆಗೆ ಲತಾಳ ನಗುಮುಖ, ಚಿತ್ರ ಮುಗಿಯಿತು. ನನಗೆ ಬುದ್ಧಿ ಬಂದದ್ದು, ನಾನು ಸ್ನಾನ ಮಾಡಿದ್ದು, ಕೈ ಹಿಡಿದು ನಕ್ಕದ್ದು ಯಾವುದೂ ಇಲ್ಲ. ಜಗತ್ತಿನ ಪಾಲಿಗೆ ನಾನು ಕಸದ ರಾಶಿಯ ಹತ್ತಿರವೇ ಕೂತಿದ್ದೆ.

ಅವ್ವ ಎದ್ದು ನಿಂತಳು. ಹಿಂದಿನವರು "ಕೂತ್ಕೊಳ್ಳಮ್ಮೋ" ಎಂದು ಕೂಗಿದರು. ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೊರಗೆ ಬಂದು, ಬಾಗಿಲಲ್ಲಿ ಟಾರ್ಚು ಹಿಡಿದು ನಿಂತವನನ್ನೂ ಬಿಡದೆ ಕರೆದು, ಮ್ಯಾನೇಜರ ಕೋಣೆಯೊಳಗೆ ನುಗ್ಗಿದಳು. ನನ್ನ ಜಡೆ ಎತ್ತಿ ಅವರ ಮೇಜಿನ ಮೇಲೆ ಇಟ್ಟಳು ಎಂದರೂ ಸರಿಯೇ.

"ನೋಡ್ರಿ. ಈಕಿ ತಲಿ ನೋಡ್ರಿ. ಉಗುರ ನೋಡ್ರಿ. ಮೂಗ ನೋಡ್ರಿ. ಎಲ್ಲೈತಿ ಹೊಲಸು? ತೋರಸ್ರಿ ನನಗ!"

ಮ್ಯಾನೇಜರು ಗಾಬರಿಯಾಗಿ, "ಅಮ್ಮ, ಅದು ಮೇಲಿಂದ ಬಂದಿರೋ ರೀಲು. ನಾವು ಹಾಕ್ಲೇಬೇಕು. ಅದೆಲ್ಲಾ ಬರೀ ಆಕ್ಟಿಂಗು ಅಲ್ವಾ" ಎಂದರು.

"ಆಕ್ಟಿಂಗ್ ಅಂತ ಎಲ್ಲಿ ಬರದೈತ್ರಿ? ಬಣ್ಣ ಕರೀದಾದ್ರ ಮೈ ಹೊಲಸೇನ್ರಿ? ಹಂಗಂತ ಯಾವ ಸಾಲ್ಯಾಗ ಕಲ್ತೀರಿ?"

ಒಳಗೆ ದೇವರ ಹಾಡು ಶುರುವಾಗಿತ್ತು. ನಾವು ಮನೆಗೆ ಬಂದೆವು. ಅಂದಿನಿಂದ ಅವ್ವ ಸಿನಿಮಾ ಬಿಡಲಿಲ್ಲ, ಆದರೆ ಸಣ್ಣ ಚಿತ್ರ ಮುಗಿದ ಮೇಲೆಯೇ ಒಳಗೆ ಕಾಲಿಟ್ಟಳು. ನನ್ನ ಚಾಳಿ ಅವಳದ್ದು. ಶಾಲೆಯಲ್ಲಿ ಮಾತ್ರ ನನಗೆ ಹೊಸ ಹೆಸರು ಬಂದಿತ್ತು: ಗೊಣ್ಣೆ ಗಿರಿಜಾ. ಏಳನೆಯ ಕ್ಲಾಸು ಮುಗಿದು ಬೇರೆ ಶಾಲೆಗೆ ಹೋಗುವ ತನಕ ಆ ಹೆಸರು ಬಿಡಲಿಲ್ಲ. ಉಗುರು ನೋಡುವಾಗ ಟೀಚರು ನನ್ನ ಕೈ ಎತ್ತುವುದನ್ನೂ ನಿಲ್ಲಿಸಿದ್ದರು.

ಮದುವೆಯಾಗಿ ಆರ್.ಟಿ. ನಗರಕ್ಕೆ ಬಂದ ಮೇಲೆ ಅದರ ಕಾಟ ತಪ್ಪಿತು ಎಂದುಕೊಂಡಿದ್ದೆ. ಮಾವನವರು ಟಿ.ವಿ. ತಂದರು. ಒಂದು ಸಂಜೆ ಯಾವುದೋ ಕಾರ್ಯಕ್ರಮ ತಪ್ಪಿಹೋಗಿ, ಆ ಹೊತ್ತು ತುಂಬಿಸಲು ಟಿ.ವಿ.ಯವರು ನನ್ನನ್ನು ಹಾಕಿದರು. ಅತ್ತೆ, "ಅಯ್ಯೋ ಪಾಪ, ಯಾರ ಮನೆ ಕೂಸೋ, ಹೆತ್ತವಳಿಗೆ ಒರೆಸೋಕೂ ಆಗಲ್ವೇ" ಎಂದರು. ಅವ್ವನನ್ನು ಅಂದರಲ್ಲ ಎಂಬ ಸಿಟ್ಟಿನಲ್ಲಿ ಅಡುಗೆಮನೆಗೆ ಗಂಡನನ್ನು ಕರೆದು ವಿಷಯ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ನೀನಾ? ಗೊತ್ತೇ ಆಗ್ಲಿಲ್ವಲ್ಲೇ!" ಎಂದರು. ನಮ್ಮವರಿಗೆ ಉಪ್ಪಿಟ್ಟು ಕಂಡರೆ ಆಗುವುದಿಲ್ಲ. ಆ ವಾರವಿಡೀ ಮೂರು ಹೊತ್ತೂ ಉಪ್ಪಿಟ್ಟು ಮಾಡಿದೆ. ಅದರ ಮೇಲೆ ಆ ಮಾತು ನಮ್ಮ ಮನೆಯಲ್ಲಿ ಎದ್ದಿರಲಿಲ್ಲ.

ಇಷ್ಟು ವರ್ಷವಾದ ಮೇಲೆ ಯಲಹಂಕದ ಕ್ಲಬ್ ಹೌಸಿನಲ್ಲಿ, ಬಣ್ಣಬಣ್ಣದ ಕುರ್ಚಿಗಳ ನಡುವೆ, ಅದೇ ನಗು. ನಾನು ಎದ್ದು ನಿಂತೆ. ದೀಪಾ ನನ್ನ ತೋಳು ಜಗ್ಗಿ, "ಅಮ್ಮಾ, ಏನಾಯ್ತು? ಕೂತ್ಕೋ, ಎಲ್ರೂ ನೋಡ್ತಿದಾರೆ" ಎಂದಳು. ತರಕಾರಿ ಅಂಗಡಿಯಲ್ಲಿ, ಶಾಲೆಯ ಮೀಟಿಂಗಿನಲ್ಲಿ ನಾನು ದನಿ ಎತ್ತಿದಾಗೆಲ್ಲ ನಾಚಿಕೆಯಿಂದ ಕುಗ್ಗಿ ಬೆಳೆದ ಹುಡುಗಿ ಅವಳು.

"ಅದು ನಾನು" ಎಂದೆ ಜೋರಾಗಿ. "ಆ ಹುಡುಗಿ ನಾನು."

ಜನ ಚಪ್ಪಾಳೆ ತಟ್ಟಿದರು! ಬೈದಿದ್ದರೂ ಸಹಿಸುತ್ತಿದ್ದೆ. "ಸೂಪರ್ ಆಂಟಿ" ಎಂದರು. ಇಬ್ಬರು ಬಂದು ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ಯಾರೋ ಮಗುವನ್ನು ಎತ್ತಿ ತಂದು, "ನೋಡು, ಇವ್ರೇ ಡರ್ಟಿ ಗರ್ಲ್" ಎಂದು ತೋರಿಸಿದರು. ನಿಖಿಲ್ ನನ್ನ ಎರಡೂ ಕೈ ಹಿಡಿದು, "ಆಂಟಿ, ನೀವು ಲೆಜೆಂಡು! ನಿಮ್ಮ ಮೇಲೆ ನಾನೊಂದು ಶಾರ್ಟ್ ಫಿಲ್ಮ್ ಮಾಡ್ತೀನಿ. ನಿಮ್ಮ ಕಥೆ ನೀವೇ ಹೇಳಿ" ಎಂದ. ನನ್ನ ಕಥೆ ನಾನೇ ಹೇಳಬಹುದು ಎಂಬ ಮಾತಿಗೆ ನನ್ನ ಸಿಟ್ಟು ಕೊಂಚ ಇಳಿಯಿತು. ನನ್ನ ಸ್ನಾನದ ಸೀನು ತೆಗೆಯದೇ ಹೋದದ್ದನ್ನಷ್ಟೇ ಹೇಳಿ, ಉಳಿದದ್ದಕ್ಕೆ ಮನೆಗೆ ಬಾರಪ್ಪ ಎಂದೆ.

ಮುಂದಿನ ಶನಿವಾರ ಅವನು ಕ್ಯಾಮೆರಾ, ದೀಪ ಹೊತ್ತು ನಮ್ಮ ಮನೆಗೆ ಬಂದ. ಕಾಫಿ ಕೊಟ್ಟೆ. ನಾನು ಒಳ್ಳೆಯ ರೇಷ್ಮೆ ಸೀರೆ ಉಟ್ಟು ತುರುಬು ಕಟ್ಟಿ ತಯಾರಾಗಿದ್ದೆ. ಅವನು ನನ್ನನ್ನು ನೋಡಿದ. ಮತ್ತೆ ಕಿಟಕಿಯ ಬೆಳಕನ್ನು ನೋಡಿದ. ಮತ್ತೆ ನನ್ನನ್ನು.

"ಆಂಟಿ, ಇದು ಸ್ವಲ್ಪ ಜಾಸ್ತಿ ನೀಟಾಯ್ತು. ಮನೇಲಿ ಉಡೋ ಹಳೇ ಸೀರೆ ಇದ್ರೆ ಉಟ್ಕೊಳ್ತೀರಾ? ಸ್ವಲ್ಪ ರಾ ಆಗಿ, ಅಲಂಕಾರ ಇಲ್ದಂಗೆ ಇರ್ಬೇಕು."

ನಾನು ಇನ್ನೂ ತಾಳ್ಮೆಯಲ್ಲಿದ್ದೆ. "ಯಾಕಪ್ಪ, ನೀಟಾಗಿದ್ರೆ ಕಥೆ ಬರಲ್ವಾ?" ಎಂದೆ.

"ಹಂಗಲ್ಲ ಆಂಟಿ. ನೋವು ಕಾಣ್ಬೇಕು. ಕೊನೆಗೆ ಒಂದು ಐಡಿಯಾ ಇದೆ. ಅವ್ರು ನಿಮಗೆ ಸ್ನಾನ ಮಾಡ್ಸೋ ಸೀನ್ ಬಿಟ್ಬಿಟ್ರು ಅಂದ್ರಲ್ಲ? ಅದನ್ನ ಈಗ ನಾವು ತೆಗೀತೀವಿ! ನೀವು ನಲ್ಲಿ ಹತ್ರ ನಿಂತು ಮುಖಕ್ಕೆ ಹಚ್ಚಿರೋ ಮಣ್ಣು ತೊಳ್ಕೋತೀರ, ಸ್ಲೋ ಮೋಷನ್ನಲ್ಲಿ. ಜನ ಅತ್ತುಬಿಡ್ತಾರೆ."

"ಅಂದ್ರೆ ನನಗೆ ಮತ್ತೆ ಮಣ್ಣು ಹಚ್ತೀಯ?"

"ಸ್ವಲ್ಪ ಆಂಟಿ. ಲೈಟಾಗಿ." ಹಾಗೆನ್ನುತ್ತ ಅವನು ಮುಂದೆ ಬಾಗಿದ. "ಈಗ್ಲೇ ಒಂದು ಟೆಸ್ಟ್ ನೋಡೋಣ. ಈ ಕೂದಲು ಒಂದೆರಡು ಹಿಂಗೆ ಮುಂದಕ್ಕೆ..." ಅವನ ಬೆರಳು ನನ್ನ ತುರುಬಿನಿಂದ ಕೂದಲು ಎಳೆಯಿತು.

ನಾನು ಅವನ ಕೈಗೆ ಫಟ್ಟನೆ ಹೊಡೆದೆ. ಹೊಡೆದ ಸದ್ದಿಗೆ ನನ್ನ ಗಂಡ ಪೇಪರು ಕೆಳಗಿಟ್ಟರು.

"ಕೂದಲು ಮುಟ್ಟಿದ್ರೆ ಕೈ ಮುರೀತೀನಿ! ಆಗ ನನಗೆ ಎಂಟು ವರ್ಷ, ಕೂತ ಜಾಗದಿಂದ ಏಳೋಕೆ ಧೈರ್ಯ ಇರ್ಲಿಲ್ಲ. ಈಗ ಅರವತ್ತು ದಾಟಿದೆ. ಅವನು ಮಣ್ಣು ಹಚ್ಚಿ ಜನರನ್ನ ನಗಿಸ್ದ. ನೀನು ಮಣ್ಣು ಹಚ್ಚಿ ಜನರನ್ನ ಅಳಿಸ್ತೀಯ. ಮಣ್ಣು ಮಾತ್ರ ನನ್ನ ಮುಖಕ್ಕೇ ಬೇಕು, ಅಲ್ವಾ? ನಡಿ. ನಿನ್ನ ದೀಪ ತಗೊಂಡು ನಡಿ!"

ಹುಡುಗ ಕಾಫಿ ಅರ್ಧಕ್ಕೆ ಬಿಟ್ಟು ಹೋದ. ನನ್ನ ಗಂಡ ಏನೋ ಹೇಳಲು ಬಾಯಿ ತೆಗೆದವರು, ಉಪ್ಪಿಟ್ಟಿನ ನೆನಪಾಯಿತೋ ಏನೋ, ಮತ್ತೆ ಪೇಪರು ಎತ್ತಿಕೊಂಡರು.

ಅವನು ಯಲಹಂಕ ಮುಟ್ಟುವ ಮೊದಲೇ ದೀಪಾಳ ಫೋನು ಬಂತು. "ಅಮ್ಮಾ, ನಿಖಿಲ್‌ಗೆ ಹೊಡೆದ್ಯಂತೆ? ಅವ್ನು ನಮ್ಮ ಬಿಲ್ಡಿಂಗ್ ಅಮ್ಮ, ದಿನಾ ಲಿಫ್ಟಲ್ಲಿ ಸಿಗ್ತಾನೆ. ನಾನು ಮುಖ ಎಲ್ಲಿ ಇಟ್ಕೊಳ್ಳಿ? ಐವತ್ತು ವರ್ಷದ ಹಿಂದಿನ ಮಾತು, ಯಾವಾಗ್ಲೂ ನಿಂದು ಒಂದು ಸೀನು."

"ನನ್ನ ಸೀನು ಒಂದೂ ತೆಗೀಲಿಲ್ಲ ಕಣೇ ಅವ್ರು" ಎಂದೆ. ಅಂದವಳೇ ಇಡೀ ಕಥೆ ಹೇಳಿದೆ. ಕ್ಲಬ್ ಹೌಸಿನಲ್ಲಿ ಸ್ನಾನದ ಸೀನಿನ ಮಾತಷ್ಟೇ ಆಗಿತ್ತು. ಉಳಿದದ್ದು ಅವಳು ಕೇಳಿರಲಿಲ್ಲ. ಇಸ್ತ್ರಿಯ ಚೊಂಬು, ಮೇಕಪ್ಪಿನವನು, ಸಿಳ್ಳೆ, ಮ್ಯಾನೇಜರ ಕೋಣೆಯಲ್ಲಿ ನಿಂತು ಕೂಗಿದ ಅವಳ ಅಜ್ಜಿ. ಬಣ್ಣದ ಮಾತನ್ನೂ ಹೇಳಿದೆ. ದೀಪಾ ನನ್ನದೇ ಬಣ್ಣದವಳು. ಅವಳನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರು ಏನೆಂದು ಹೋದರು ಎಂಬುದು ನಮ್ಮಿಬ್ಬರಿಗೂ ಗೊತ್ತು, ಇಬ್ಬರೂ ಬಾಯಿಬಿಟ್ಟು ಆಡಿದ್ದಿಲ್ಲ. ಕೊನೆಗೆ ಅವಳು, "ಇದನ್ನ ಯಾಕೆ ನನಗೆ ಮೊದ್ಲೇ ಹೇಳ್ಲಿಲ್ಲ?" ಎಂದಷ್ಟೇ ಕೇಳಿ ಫೋನ್ ಇಟ್ಟಳು.

ಕೆಲವು ದಿನ ಬಿಟ್ಟು ನಿಖಿಲನೇ ಫೋನ್ ಮಾಡಿದ. ದನಿಯಲ್ಲಿ ಇನ್ನೂ ಸ್ವಲ್ಪ ಬಿಗುಮಾನವಿತ್ತು. "ಸಾರಿ ಆಂಟಿ. ಕೂದಲು ಎಳೆದಿದ್ದು ತಪ್ಪು. ಆದ್ರೆ ನಿಮಗೆ ಏನ್ ಬೇಕು ಅಂತ ನನಗೆ ಗೊತ್ತಾಗ್ತಿಲ್ಲ. ಆ ಫಿಲ್ಮು ಎಲ್ಲಾ ಕಡೆ ಇದೆ, ಅಳಿಸೋಕೆ ನನ್ನ ಕೈಲಾಗಲ್ಲ."

"ಅಳಿಸು ಅಂದೆನಾ? ಇನ್ನೊಂದು ಸಲ ಹಾಕು. ಅವತ್ತು ನಕ್ಕ ಜನಾನೇ ಇರ್ಬೇಕು. ಆ ದನಿ ಮಾತ್ರ ಆರಿಸ್ಬಿಡು. ಮಾತು ನಾನಾಡ್ತೀನಿ."

ಒಪ್ಪಿಕೊಂಡ. ಅದಕ್ಕೆ ಅವನನ್ನು ಮೆಚ್ಚಬೇಕು.

ಮುಂದಿನ ತಿಂಗಳ ಚಿತ್ರಸಂಜೆಯಲ್ಲಿ ಪರದೆಯ ಪಕ್ಕ ಮೈಕ್ ಹಿಡಿದು ನಿಂತೆ. ದೀಪಾ ಅದೇ ಎರಡನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಸದ್ದಿಲ್ಲದೆ ನನ್ನ ಮುಖ ಬಂತು. ಒಂದಿಬ್ಬರು ನಗಲು ಶುರುಮಾಡಿದರು.

"ನಿಲ್ಲಿಸು" ಎಂದೆ. ನಿಖಿಲ್ ಚಿತ್ರ ನಿಲ್ಲಿಸಿದ.

"ಇದು ಗೊಣ್ಣೆ ಅಲ್ಲ, ಮೈದಾಹಿಟ್ಟಿನ ಅಂಟು. ಈ ಕೆನ್ನೆಗೆ ಅವತ್ತು ಬೆಳಿಗ್ಗೆ ನಮ್ಮವ್ವ ಎಷ್ಟು ತಿಕ್ಕಿದ್ದಳು ಅಂದ್ರೆ ಉರೀತಿತ್ತು. ಮುಂದೆ ಹಾಕಪ್ಪ."

ಬನ್ನು ತಿನ್ನುವ ಜಾಗಕ್ಕೆ ಮತ್ತೆ ನಿಲ್ಲಿಸಿದೆ. ತಲೆಗೆ ತಲೆ ತಾಗಿದ ಜಾಗಕ್ಕೆ ನಿಲ್ಲಿಸಿ, "ಹೇನು ಹತ್ತಿದ್ದು ಇಲ್ಲಿ. ಆ ಕಡೆಯಿಂದ ಈ ಕಡೆಗೆ" ಎಂದು ಬೆರಳಿಟ್ಟು ತೋರಿಸಿದೆ. ಜನ ನಕ್ಕರು. ಈ ನಗುವಿಗೆ ನನ್ನ ಅಡ್ಡಿಯಿರಲಿಲ್ಲ, ಇದನ್ನು ನಾನೇ ನಗಿಸಿದ್ದು. ಅಷ್ಟರಲ್ಲಿ ಲತಾಳ ನಗುಮುಖ ಬಂದು ಚಿತ್ರ ಮುಗಿಯಿತು. ಪರದೆ ಕಪ್ಪಾಯಿತು.

"ಇಲ್ಲಿ ನಾನೂ ಇರಬೇಕಿತ್ತು" ಎಂದೆ. "ಬೆಳಕು ಹೋಯ್ತು ಅಂತ ಬಿಟ್ರು. ಲತಾಗೆ ಐದಾರು ಸಲ ಇದ್ದ ಬೆಳಕು ನನಗೆ ಒಂದು ಸಲಕ್ಕೂ ಉಳೀಲಿಲ್ಲ. ನಾನು ಆ ಕ್ಲಾಸಿನಲ್ಲೇ ಎಲ್ಲರಿಗಿಂತ ಚೊಕ್ಕಟವಾಗಿದ್ದವಳು. ಸಾಲಿನಲ್ಲಿ ನಿಲ್ಲಿಸಿ ಕೊಳಕಿ ಯಾರು ಅಂತ ಆರಿಸಿದಾಗ ಅವರು ನನ್ನ ಉಗುರು ನೋಡ್ಲಿಲ್ಲ, ಕಿವಿ ನೋಡ್ಲಿಲ್ಲ. ನನ್ನ ಬಣ್ಣ ನೋಡಿದ್ರು. ಅಷ್ಟೇ ನೋಡಿದ್ದು."

ಕೆಲವರು ಫೋನಿನ ಕಡೆ ನೋಡಿಕೊಂಡರು. ಮುಂದಿನ ಸಾಲಿನಲ್ಲಿದ್ದ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಎದ್ದು ನಿಂತರು. ಒಳ್ಳೆಯ ಮನುಷ್ಯನೇ. ನಗುತ್ತ ಕೈ ಮುಗಿದು, "ಮೇಡಂ, ತುಂಬಾ ಚೆನ್ನಾಗಿ ಮಾತಾಡಿದ್ರಿ. ಆಗಿನ ಕಾಲ ಹಂಗಿತ್ತು ಬಿಡಿ, ಯಾರೂ ಬೇಕಂತ ಮಾಡಿರಲ್ಲ. ಈಗ್ಯಾಕೆ ಅದೆಲ್ಲಾ? ಪಾಸಿಟಿವ್ ಆಗಿ ಮುಗಿಸಿಬಿಡೋಣ. ಮಕ್ಕಳಿಗೆ ಕಾರ್ಟೂನ್ ಬೇರೆ ಇದೆ" ಎಂದು ನನ್ನ ಕೈಯ ಮೈಕಿಗೆ ಕೈ ಚಾಚಿದರು.

ಸಿಟ್ಟು ಮಿತಿ ಮೀರಿದರೆ ನನಗೆ ಮಾತು ಹೊರಡುವುದಿಲ್ಲ, ಕಣ್ಣೀರು ಹೊರಡುತ್ತದೆ. ಅದನ್ನು ನೋಡಿ ಇವರು ಪಾಪ ಎಂದುಬಿಟ್ಟರೆ ಎಲ್ಲ ಮಣ್ಣುಪಾಲು ಎಂದು ಹೆದರಿ ಮೈಕನ್ನು ಬಿಗಿಯಾಗಿ ಹಿಡಿದುಕೊಂಡೆ.

"ಕೂತ್ಕೊಳ್ಳಿ ಅಂಕಲ್."

ಎರಡನೆಯ ಸಾಲಿನಲ್ಲಿ ದೀಪಾ ಎದ್ದು ನಿಂತಿದ್ದಳು. ಇಡೀ ಕ್ಲಬ್ ಹೌಸು ಅವಳ ಕಡೆ ತಿರುಗಿತು. ನಾಲ್ಕು ಜನರ ಮುಂದೆ ದನಿ ಎತ್ತದ ನನ್ನ ಮಗಳು ಕುಗ್ಗಲಿಲ್ಲ.

"ಅವತ್ತು ನಾವೆಲ್ಲ ನಕ್ವಲ್ಲ, ನಾನೂ ನಕ್ಕೆ. ಆವಾಗ ಯಾರಿಗೂ ಟೈಮ್ ಆಗಿರ್ಲಿಲ್ಲ. ಕಾರ್ಟೂನ್ ಆಮೇಲೆ ನೋಡೋಣ. ನಮ್ಮಮ್ಮ ಇನ್ನೂ ಮುಗಿಸಿಲ್ಲ."

ಸೆಕ್ರೆಟರಿ ಕೂತರು. ದೀಪಾ ಕೂರಲಿಲ್ಲ, ಕೈಕಟ್ಟಿ ಹಾಗೇ ನಿಂತಳು. "ನೀನು ಹೇಳಮ್ಮ" ಎಂದಳು.

ಮೈಕನ್ನು ಮತ್ತೆ ಬಾಯಿಯ ಹತ್ತಿರ ಹಿಡಿದೆ.

"ನಿಖಿಲ್, ಮೊದಲಿಂದ ಹಾಕು" ಎಂದೆ.